ಬೆಣ್ಣೆಹಣ್ಣಿನ ಬೀಜ ನೆಟ್ಟ ಮೇಲೆ

ಹೋದ ಮಳೆಗಾಲದಲ್ಲಿ ಮಡಿಕೇರಿಯ ನೆಂಟರು ನಾಲ್ಕು ಬೆಣ್ಣೆಹಣ್ಣು ತಂದುಕೊಟ್ಟರು. ಈಗಿನವರು ಅವಕಾಡೊ ಎನ್ನುತ್ತಾರೆ. ಮೂಲ ಊರು ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆ. ನಮ್ಮಲ್ಲಿ ಕೊಡಗಿನ ಕಾಫಿ ತೋಟಗಳಲ್ಲಿ ಚೆನ್ನಾಗಿ ಬೆಳೆಯುತ್ತದೆ. ನನ್ನಾಕೆ ಹಾಲು, ಸಕ್ಕರೆ ಹಾಕಿ ಜ್ಯೂಸ್ ಮಾಡಿದಳು. ಪುಟ್ಟ ಚೆಂಡಿನಂಥ ಬೀಜಗಳನ್ನು ಎಸೆಯಲು ಹೊರಟಾಗ ಮೊಮ್ಮಗಳು ತಡೆದಳು. "ತಾತ, ನೆಡೋಣ!"

ಬೀಜ ತೊಳೆದು, ಅಗಲವಾದ ತಳ ಕೆಳಗೆ ಬರುವಂತೆ ಹಿಡಿದು, ನಡುವಿಗೆ ಮೂರು ಹಲ್ಲುಕಡ್ಡಿ ಚುಚ್ಚಿ ನೀರಿನ ಲೋಟದ ಮೇಲೆ ಕೂರಿಸಿದೆವು. ತಳ ಮಾತ್ರ ಮುಳುಗಿದರೆ ಸಾಕು. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಬೇಕು. ಕಷ್ಟವೆಂದರೆ ಕಾಯುವುದು. ಬ್ಯಾಂಕಿನ ಅಭ್ಯಾಸ ಬಿಡುತ್ತದೆಯೇ? ಹಳೇ ಡೈರಿಯಲ್ಲಿ ದಿನ ಗುರುತು ಹಾಕುತ್ತಿದ್ದೆ. 34ನೇ ದಿನ ಒಂದು ಬೀಜ ಬಿರಿದು ಬಿಳಿ ಬೇರು ಇಣುಕಿತು. ನಾಲ್ಕರಲ್ಲಿ ಮೊಳೆತದ್ದು ಎರಡು. ಚಿಗುರು ಗೇಣುದ್ದ ಆದ ಮೇಲೆ, ಬೀಜದ ಮೇಲರ್ಧ ಹೊರಗೆ ಕಾಣುವಂತೆ ಕುಂಡಗಳಿಗೆ ಹಾಕಿದೆವು.

ಒಂದನ್ನು ನಾನೇ ಕೊಂದೆ. ಎಲೆ ಜೋತುಬಿದ್ದಾಗ ಬಾಯಾರಿದೆ ಎಂದುಕೊಂಡು ದಿನಕ್ಕೆರಡು ಸಲ ನೀರು ಸುರಿದೆ. ಎಲೆಗಳೆಲ್ಲ ಹಳದಿಯಾದವು. ಕಿತ್ತು ನೋಡಿದರೆ ಬೇರು ಕಪ್ಪಾಗಿ ಕೊಳೆತಿತ್ತು. ಈ ಗಿಡಕ್ಕೆ ನಿಂತ ನೀರು ಆಗುವುದೇ ಇಲ್ಲ. ಉಳಿದ ಗಿಡವನ್ನು ಕೆಮ್ಮಣ್ಣು, ಮರಳು, ಎರೆಹುಳು ಗೊಬ್ಬರ ಬೆರೆಸಿ, ತಳದಲ್ಲಿ ತೂತುಗಳಿರುವ ದೊಡ್ಡ ಕುಂಡಕ್ಕೆ ಬದಲಿಸಿದೆ. ಈಗ ಮಣ್ಣಿಗೆ ಬೆರಳು ತೂರಿಸಿ ನೋಡುತ್ತೇವೆ. ಒಣಗಿದ್ದರಷ್ಟೇ ನೀರು.

ಒಂದಡಿ ಬೆಳೆದಾಗ ಕವಲೊಡೆಯಲೆಂದು ತುದಿ ಚಿವುಟಿದೆ. ಮೊಮ್ಮಗಳು ಎರಡು ದಿನ ಮಾತು ಬಿಟ್ಟಳು. ಪಕ್ಕದಲ್ಲಿ ಚಿಗುರು ಬಂದ ಮೇಲೆ ರಾಜಿ ಆಯಿತು. ಮಕ್ಕಳೇ, ಮನೆಯಲ್ಲಿ ಮೊಲ, ಲವ್‌ಬರ್ಡ್ಸ್ ಇದ್ದರೆ ಇದರ ಎಲೆ ಅವುಗಳಿಗೆ ಸಿಗದಂತೆ ನೋಡಿಕೊಳ್ಳಿ. ಅವಕ್ಕೆ ಅದು ವಿಷ.

"ಹಣ್ಣು ಯಾವಾಗ ತಾತ?" ಎಂದಳು ಒಂದು ಸಂಜೆ. ಬೀಜದ ಗಿಡ, ಹತ್ತು ವರ್ಷವೂ ಆದೀತು ಎಂದೆ. ಬೆರಳು ಮಡಿಸಿ ಎಣಿಸಿದಳು. "ಆಗ ನಂಗೆ ಹದಿನೆಂಟು. ನಿಂಗೆ?"

"ಎಂಬತ್ತನಾಲ್ಕು."

ಮೂವತ್ತೈದು ವರ್ಷ ಜನರ ಠೇವಣಿಗಳ ಅವಧಿ ಬರೆದ ಕೈ ನನ್ನದು. ಇಷ್ಟು ಸಣ್ಣ ಕೂಡಿಕೆಗೆ ಗಂಟಲು ಕಟ್ಟಿತು. ಅವಳೂ ಸುಮ್ಮನಾದಳು.

ಒಳಗಿನಿಂದ ಮಗ ಕೇಳಿಸಿಕೊಂಡಿರಬೇಕು. "ಕಸಿ ಗಿಡ ತರೋಣ ಅಪ್ಪ, ಮೂರ್ನಾಲ್ಕು ವರ್ಷಕ್ಕೇ ಹಣ್ಣು ಬರುತ್ತೆ" ಎಂದ. ತಿಳಿವಳಿಕೆಯ ಮಾತೇ. ಬೀಜದ ಗಿಡದಲ್ಲಿ ತಾಯಿಮರದಂಥದೇ ಹಣ್ಣು ಬರುವ ಖಾತ್ರಿಯೂ ಇಲ್ಲ, ಕುಂಡದಲ್ಲೇ ಉಳಿದರೆ ಹಣ್ಣು ಬಿಡದೆಯೂ ಇದ್ದೀತು. ಈ ಮಳೆಗಾಲಕ್ಕೆ ಹಿತ್ತಲಿಗೊಂದು ಕಸಿ ಗಿಡ ಬರಲಿದೆ. "ಬರಲಿ, ಆದ್ರೆ ಇದು ಇಲ್ಲೇ ಇರ್ಲಿ" ಎಂದು ಮೊಮ್ಮಗಳು ಕುಂಡಕ್ಕೆ ಅಡ್ಡ ನಿಂತಳು.

ಡೈರಿಯೂ ಈಗ ಅವಳ ವಶ. ನಿನ್ನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದಾಳೆ: "24 ಎಲೆ. ಮಣ್ಣು ಒದ್ದೆ. ತಾತ ನೀರು ಹಾಕಬಾರದು."