ಮರುಭೂಮಿಯಲ್ಲಿ ನಿಂತ ಕಡಲದಿಬ್ಬ

ಮರುಭೂಮಿಯ ಬೆಟ್ಟವೊಂದು ಕಡಲಿನಲ್ಲಿ ಹುಟ್ಟಿತೆಂದರೆ ಯಾರೂ ಸುಲಭವಾಗಿ ನಂಬಲಾರರು. ಆದರೆ ಕಲ್ಲು ಸುಳ್ಳಾಡುವುದಿಲ್ಲ. ಅಂಥದೊಂದು ಬೆಟ್ಟದ ಸಾಕ್ಷ್ಯವನ್ನು ಇಂದು ನಾನು ತಮ್ಮ ಮುಂದಿಡಬಯಸುತ್ತೇನೆ.

ಅಮೆರಿಕದ ಟೆಕ್ಸಾಸ್ ಹಾಗೂ ನ್ಯೂ ಮೆಕ್ಸಿಕೊ ರಾಜ್ಯಗಳ ಗಡಿಯಲ್ಲಿ, ಬೆಂಗಾಡಿನ ನಡುವೆ ಗ್ವಾಡಲೂಪ್ ಪರ್ವತಶ್ರೇಣಿಯಿದೆ. ಅದರ ಅತ್ಯುನ್ನತ ಶಿಖರದ ಎತ್ತರ 2,667 ಮೀಟರು. ಪಕ್ಕದಲ್ಲೇ ಗೋಡೆಯಂತೆ ಕಡಿದಾಗಿ ನಿಂತಿರುವ ಬಂಡೆ ಎಲ್ ಕ್ಯಾಪಿಟನ್. ಅದರ ಹೆಸರನ್ನೇ ಹೊತ್ತ ಕ್ಯಾಪಿಟನ್ ಸುಣ್ಣಕಲ್ಲು ಪಳೆಯುಳಿಕೆಗಳಿಂದ ತುಂಬಿದೆ.

ಸುಮಾರು 26 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಯುಗದಲ್ಲಿ, ಇಲ್ಲಿ ಬೆಚ್ಚನೆಯ ಕಡಲಿತ್ತು. ಅದರ ಅಂಚನ್ನು ಬಳಸಿ, ಕುದುರೆಲಾಳದ ಆಕಾರದಲ್ಲಿ, ಸುಮಾರು 640 ಕಿಲೋಮೀಟರ್ ಉದ್ದದ ದಿಬ್ಬವೊಂದು ಬೆಳೆಯಿತು. ಕಡಲದಿಬ್ಬವೆಂದೊಡನೆ ನಮಗೆ ಹವಳ ನೆನಪಾಗುತ್ತದೆ. ಇಲ್ಲಿ ಹವಳದ ಪಾಲು ಅತ್ಯಲ್ಪ. ಸ್ಪಂಜುಗಳು, ಸುಣ್ಣವನ್ನು ಮೈಗೂಡಿಸಿಕೊಂಡ ಪಾಚಿಗಳು, ಗುಂಪಾಗಿ ಬಾಳುವ ಬ್ರಯೋಜೋವ ಎಂಬ ಕಿರುಜೀವಿಗಳು, ಇವೇ ಇದರ ಮುಖ್ಯ ಶಿಲ್ಪಿಗಳು. ಒಂದು ತಲೆಮಾರಿನ ಅವಶೇಷವೇ ಮುಂದಿನದಕ್ಕೆ ತಳಹದಿ. ನೀರಿನಲ್ಲಿ ಕರಗಿದ್ದ ಸುಣ್ಣ ಸಂದುಗಳಲ್ಲಿ ಹೆಪ್ಪುಗಟ್ಟಿ ಗಾರೆಯಾಯಿತು. ಇಲ್ಲಿನ ಮೆಕಿಟ್ರಿಕ್ ಕಣಿವೆಯಲ್ಲಿ ಸುಮಾರು 600 ಮೀಟರ್ ಏರುವ ಕಾಲುದಾರಿಯೊಂದಿದೆ. ಅದರಲ್ಲಿ ನಡೆಯುವವರು ಹಳೆಯ ಕಡಲಿನ ಆಳದಿಂದ ದಿಬ್ಬದ ನೆತ್ತಿಗೆ ಏರಿದಂತೆಯೇ ಸರಿ. ಗೋಧಿಕಾಳಿನಂಥ ಫ್ಯೂಸುಲಿನಿಡ್ ಎಂಬ ಏಕಕೋಶಜೀವಿಗಳ ಚಿಪ್ಪುಗಳೂ ಈ ಶ್ರೇಣಿಯ ಕಲ್ಲುಗಳಲ್ಲಿ ಕಾಣಸಿಗುತ್ತವೆ.

ಈ ದಿಬ್ಬದ ಅಂತ್ಯಕ್ಕೆ ಕಾರಣವೇನು? ಮಹಾಸಾಗರದಿಂದ ನೀರು ಬರುವ ದಾರಿ ಕಿರಿದಾಯಿತು. ಬಿಸಿಲಿಗೆ ಕಡಲು ಆವಿಯಾಗುತ್ತ ಉಪ್ಪೇರಿತು; ಜಿಪ್ಸಂ ಮತ್ತು ಉಪ್ಪು ಪದರಪದರವಾಗಿ ತಳಕ್ಕಿಳಿದು ಕಡಲಿನ ಪಾತ್ರೆಯನ್ನೇ ತುಂಬಿದುವು. ಒಂದು ವರ್ಷಕ್ಕೊಂದರಂತೆ ಎಣಿಸಬಹುದಾದ ಅಂಥ ತೆಳುಪದರಗಳು ಎರಡು ಲಕ್ಷಕ್ಕೂ ಹೆಚ್ಚು. ದಿಬ್ಬ ಹೂತುಹೋಯಿತು. ಬಹುಕಾಲದ ಮೇಲೆ ನೆಲ ಮೇಲೆದ್ದು, ಮೆದುವಾದ ಜಿಪ್ಸಂ ಕೊಚ್ಚಿಹೋದಾಗ, ಗಟ್ಟಿ ಸುಣ್ಣಕಲ್ಲು ಮತ್ತೆ ಬೆಳಕು ಕಂಡಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಅದೇ ಕಾಲದ ಕಡಲುಗಳ ಕೆಸರಿನಲ್ಲಿ ಹೂತ ಜೀವಾಂಶವೇ ಎಣ್ಣೆಯಾಯಿತು. ಸಮೀಪದ ಪರ್ಮಿಯನ್ ಜಲಾನಯನ ಇಂದು ಅಮೆರಿಕದಲ್ಲಿ ಅತಿ ಹೆಚ್ಚು ಕಚ್ಚಾತೈಲ ಕೊಡುವ ಪ್ರದೇಶ. ಆ ತೈಲವನ್ನು ಉರಿಸಿದಾಗ ಹೊಮ್ಮುವ ಅನಿಲ ವಾಯುಮಂಡಲವನ್ನೂ ಕಡಲನ್ನೂ ಬಿಸಿಯೇರಿಸುತ್ತದೆ. ಬಿಸಿಯೇರಿದ ನೀರಿನಲ್ಲಿ ಇಂದಿನ ಹವಳಗಳು ಬಣ್ಣಗೆಟ್ಟು ಸಾಯುತ್ತಿವೆ. ಅಳಿದ ಕಡಲಿನ ಆಸ್ತಿಯನ್ನು ಉರಿಸಿ ಬದುಕಿರುವ ಕಡಲಿನ ದಿಬ್ಬಗಳಿಗೆ ನಾವು ಕುತ್ತು ತಂದಿದ್ದೇವೆ. ಗ್ವಾಡಲೂಪದ ದಿಬ್ಬವನ್ನು ಅಳಿಸಿದ್ದು ಪ್ರಕೃತಿ. ಅದಕ್ಕೆ ಅಲ್ಲಿ ಬೇರೆ ಉಪಾಯವಿರಲಿಲ್ಲ. ನಮಗೆ ಇನ್ನೂ ಇದೆ.