ತೋಳವಿರುವ ಬಯಲಿನಲ್ಲಿ

ಹುಲಿಗೆ ಕಾಡು ಹೇಗೋ ತೋಳಕ್ಕೆ ಬಯಲು ಹಾಗೆ. ಕೊಪ್ಪಳ, ಗದಗ, ಬಳ್ಳಾರಿ ಸೀಮೆಯ ಕುರುಚಲು ಗುಡ್ಡಗಳೂ ಹುಲ್ಲುಗಾವಲುಗಳೂ ಅದರ ನೆಲೆ. ಅವೇ ಕುರಿಗಾರನ ನೆಲೆಯೂ ಆಗಿರುವುದರಿಂದ, ಅದರ ನೆರೆಯಲ್ಲಿ ಬಾಳುವ ಬಗೆಯನ್ನು ತಿಳಿದಿರುವುದು ಅವಶ್ಯಕ. ಸೇವಾ ಶಿಬಿರಗಳಿಗಾಗಿ ಹಳ್ಳಿಗಳಿಗೆ ಹೋಗುವ ವಿದ್ಯಾರ್ಥಿಗಳಿಗೂ ಈ ಮಾತು ಸಲ್ಲುತ್ತದೆ.

ನಮ್ಮ ತೋಳ ಶೀತದೇಶಗಳ ತೋಳಕ್ಕಿಂತ ಚಿಕ್ಕದು. ತೂಕ ಸುಮಾರು 20 ಕಿಲೋ. ಸಾಮಾನ್ಯವಾಗಿ ಮನುಷ್ಯನನ್ನು ಕಂಡರೆ ದೂರ ಸರಿಯುತ್ತದೆ. ಅದರ ಕಣ್ಣೆಲ್ಲ ಕುರಿಯ ಮೇಲೆ. ಹಾಗೆಂದು ಮೈಮರೆಯಲಾಗದು. 2024ರಲ್ಲಿ ಉತ್ತರ ಪ್ರದೇಶದ ಬಹರೈಚ್ ಜಿಲ್ಲೆಯಲ್ಲಿ ಹಲವು ಮಕ್ಕಳು ತೋಳಗಳಿಗೆ ಬಲಿಯಾದರು. ಬಯಲಿನಲ್ಲಿಯೋ ಬಾಗಿಲಿಲ್ಲದ ಮನೆಯಲ್ಲಿಯೋ ಮಲಗುವ ಬಡವರ ಮಕ್ಕಳಿಗೇ ಇಂಥ ಅಪಾಯ ಹೆಚ್ಚು.

ಕುರಿ ಸಾಕಣೆ ನಮ್ಮ ಮನೆತನದ ಕಸುಬು. ಹೊಲದಲ್ಲಿ ಕುರಿ ತರುಬುವಾಗ ಓದುಬರಹವರಿಯದ ನಮ್ಮ ಹಿರಿಯರು ಪಾಲಿಸಿಕೊಂಡು ಬಂದ ಕಟ್ಟಳೆಗಳು ಇಂದಿಗೂ ಸಲ್ಲುವಂಥವು. ಹೊತ್ತು ಮುಳುಗುವ ಮುನ್ನ ಹಿಂಡನ್ನು ಬಲೆಯೊಳಗೆ ಕೂಡಬೇಕು. ಮರಿಗಳು ನಡುವೆ, ನಾಯಿಗಳು ಹೊರಗೆ. ಮಕ್ಕಳನ್ನು ದೊಡ್ಡವರ ನಡುವೆ ಮಲಗಿಸಬೇಕು. ಕತ್ತಲಲ್ಲಿ ಬಯಲಿಗೆ ಒಂಟಿಯಾಗಿ ಕಳಿಸಬಾರದು. ಸತ್ತ ಕುರಿಯನ್ನೂ ಅಡುಗೆಯ ಎಲುಬುಗಳನ್ನೂ ಬಿಡಾರದ ಬಳಿ ಎಸೆಯಬಾರದು. ತೋಳ ಎದುರಾದರೆ ಓಡಬಾರದು. ಓಡುವುದನ್ನು ಅಟ್ಟುವುದು ಅದರ ಸ್ವಭಾವ. ಅದರತ್ತ ಮುಖಮಾಡಿ ನಿಂತು, ಕಂಬಳಿ ಬೀಸಿ, ಗಟ್ಟಿಯಾಗಿ ಕೂಗುತ್ತ ಮೆಲ್ಲನೆ ಹಿಂದೆ ಸರಿಯಬೇಕು. ಚಳಿಗಾಲದಲ್ಲಿ ಮರಿಗಳಿರುವ ಗವಿಯ ಹತ್ತಿರ ಸುಳಿಯಲೇಬಾರದು.

ಹಗಲಿನಲ್ಲೇ ಊರೊಳಗೆ ನುಗ್ಗಿ ಸಿಕ್ಕಸಿಕ್ಕವರನ್ನು ಕಚ್ಚುವ ತೋಳಕ್ಕೆ ಹುಚ್ಚು ಹಿಡಿದಿರುವ ಸಂಭವವುಂಟು. ಯಾವ ತೋಳವೇ ಕಚ್ಚಲಿ, ಗಾಯವನ್ನು ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಯಲ್ಲಿ ರೇಬೀಸ್ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ರೋಗ ತಲೆದೋರಿದ ಮೇಲೆ ಬದುಕುವ ಆಸೆ ಇಲ್ಲವೆನ್ನಬಹುದು. ಆದುದರಿಂದ ಮಂತ್ರ, ನಾಟಿ ಔಷಧಗಳಲ್ಲಿ ಹೊತ್ತು ಕಳೆಯುವುದು ಪ್ರಾಣಕ್ಕೆ ಎರವು.

ಒಂದು ಕುರಿ ಹೋದರೆ ಬಡವನ ಮನೆಯಲ್ಲಿ ಒಬ್ಬ ಹುಡುಗನ ಫೀಸೇ ಹೋದಂತೆ. ಆ ಸಂಕಟ ಬಲ್ಲವರು ಕುರಿಗಾರನ ಸಿಟ್ಟನ್ನು ಹಳಿಯಲಾರರು. ಆದರೆ ಸಿಟ್ಟಿನಲ್ಲಿ ಕಳೇಬರಕ್ಕೆ ವಿಷವಿಟ್ಟರೆ, ಹಿಂಡು ಕಾಯುವ ಅವನ ನಾಯಿಯೂ ಅದನ್ನು ತಿಂದು ಸಾಯಬಹುದು. ಮೇಲಾಗಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ತೋಳವನ್ನು ಕೊಲ್ಲುವುದು ಅಪರಾಧ. ಕಳೇಬರವನ್ನು ಕದಲಿಸದೆ ಅರಣ್ಯ ಇಲಾಖೆಗೆ ತಿಳಿಸಿ ಪರಿಹಾರಕ್ಕೆ ಅರ್ಜಿ ಹಾಕುವುದೇ ಸರಿಯಾದ ದಾರಿ. ಆ ಅರ್ಜಿಯನ್ನು ಬರೆದುಕೊಡುವಷ್ಟು ಅಕ್ಷರ ಕಲಿತಿರುವ ನಾವು ನಮ್ಮ ನಮ್ಮ ಊರುಗಳಲ್ಲಿ ಆ ಒಂದು ಕೆಲಸವನ್ನಾದರೂ ಮಾಡೋಣ.