ಕಡಿಮೆ ಖರ್ಚಿನಲ್ಲಿ ಹಳೆಯ ಕಾರಿಗೆ ಹೊಸ ಹೊಳಪು

ಹಾಲಿನ ಡೈರಿಗೆ, ಸಂತೆಗೆ, ಹೊತ್ತಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ ಆಗಲೆಂದು ಹಳೆಯ ಕಾರು ಕೊಂಡವರು ಈಗ ನಮ್ಮ ಹಳ್ಳಿಗಳಲ್ಲಿ ಅನೇಕರಿದ್ದಾರೆ. ಮಾರುತಿ 800 ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಆದರೂ ಎಷ್ಟೋ ಕಾರುಗಳ ಎಂಜಿನು ಇನ್ನೂ ಗಟ್ಟಿಯಾಗಿದೆ. ಕೆಟ್ಟಿರುವುದು ಮೈಬಣ್ಣ ಮಾತ್ರ. ಅದರಲ್ಲಿಯೂ ಬಿಸಿಲು ನೇರವಾಗಿ ಬೀಳುವ ಬಾನೆಟ್ಟು ಮತ್ತು ಮೇಲಿನ ಛಾವಣಿ ಹಾವಿನ ಪೊರೆಯಂತೆ ಸುಲಿದು ನಿಂತಿರುತ್ತವೆ. ಪೇಟೆಯ ಗ್ಯಾರೇಜಿನಲ್ಲಿ ಇಡೀ ಕಾರಿಗೆ ಬಣ್ಣ ಹೊಡೆಸಲು ಕೇಳುವ ಹಣ ಕೆಲವೊಮ್ಮೆ ಕಾರಿನ ಬೆಲೆಯ ಸಮೀಪಕ್ಕೇ ಬರುತ್ತದೆ. ಈ ಕೆಲಸವನ್ನು ನಾವೇ ಮಾಡಿಕೊಳ್ಳಬಹುದೇ ಎಂದು ಕೇಳುವವರಿಗಾಗಿ ಈ ಲೇಖನ.

ಮೊದಲು ಸುಲಿಯುವುದು ಯಾವುದು ಎಂಬುದನ್ನು ತಿಳಿಯಬೇಕು. ಬೆಳ್ಳಿಬಣ್ಣದಂಥ ಮಿನುಗುವ ಬಣ್ಣಗಳು ಎರಡು ಪದರದವು. ಕೆಳಗಿನ ಬಣ್ಣದ ಪದರಕ್ಕೆ ಸ್ವಂತ ಹೊಳಪಿಲ್ಲ. ಒಣಗಿದ ಮೇಲೆ ಅದು ಮಂಕಾಗಿಯೇ ಇರುತ್ತದೆ. ಹೊಳಪು ಕೊಡುವುದು ಅದರ ಮೇಲಿನ ಬಣ್ಣವಿಲ್ಲದ ಪದರ. ಇದಕ್ಕೆ ಕ್ಲಿಯರ್ ಕೋಟ್ ಎನ್ನುತ್ತಾರೆ. ಇದರ ದಪ್ಪ ಬರೆಯುವ ಕಾಗದದ ಅರ್ಧದಷ್ಟು. ವರ್ಷಗಟ್ಟಲೆ ಬಿಸಿಲು ತಿಂದು ಇದೇ ಸುಲಿಯುತ್ತದೆ. ಸುಲಿದ ಪದರದ ಮೇಲೆಯೇ ಹೊಸದನ್ನು ಹೊಡೆದರೆ ಹಳೆಯದರೊಡನೆ ಹೊಸದೂ ಏಳುವುದು ಖಂಡಿತ.

ಹೊಳಪು ಡಬ್ಬಿಯಲ್ಲಿ ಸಿದ್ಧವಾಗಿ ಬರುತ್ತದೆಂದು ಹಲವರು ತಿಳಿದಿದ್ದಾರೆ. ಗಾಳಿಯಿಲ್ಲದ ಬೆಳಿಗ್ಗೆ ಕೆರೆಯ ನೀರಿನಲ್ಲಿ ದಂಡೆಯ ಮರ ಕಾಣುತ್ತದೆ; ಗಾಳಿ ಬೀಸಿದರೆ ಕಾಣದು. ನೀರು ಅದೇ, ಮೈ ಮಾತ್ರ ಬೇರೆ. ಕಾರಿನ ಮೈಯೂ ಹಾಗೆಯೇ. ಸಮತಟ್ಟಾದಷ್ಟೂ ಹೊಳಪು ಹೆಚ್ಚು. ಸಮತಟ್ಟು ಮಾಡಲು ಬೇಕಾದುದು ಕಾಗದ, ನೀರು ಮತ್ತು ತೋಳಿನ ಶ್ರಮ. ಮನೆಯಲ್ಲಿ ಮಾಡುವವನಿಗೆ ಉಳಿತಾಯವಾಗುವುದು ಇಲ್ಲಿಯೇ.

ಉಳಿತಾಯ ಮಾಡಬಾರದ ಕಡೆ ಮಾಡಿ ನಾನು ಒಮ್ಮೆ ಕೆಟ್ಟಿದ್ದೇನೆ. ಕ್ಲಿಯರ್‌ನಲ್ಲಿ ಎರಡು ಜಾತಿ. ಒಂದು ಥಿನ್ನರ್ ಆರಿದೊಡನೆ ಒಣಗುವ ಲ್ಯಾಕರ್. 1920ರ ದಶಕದಲ್ಲಿ ಅಮೆರಿಕದ ಕಾರುಗಳಿಗೆ ಬಂದ ಡ್ಯುಕೋ ಎಂಬ ಬಣ್ಣ ಈ ಜಾತಿಯದು. ಆ ಹೆಸರು ನಮ್ಮ ಪೇಂಟರುಗಳ ಬಾಯಲ್ಲಿ ಇಂದಿಗೂ ಇದೆ. ಇನ್ನೊಂದು ಹಾರ್ಡನರ್ ಬೆರೆಸಿ ಹೊಡೆಯುವ ಪಿ.ಯು. ಕ್ಲಿಯರ್. ಅಗ್ಗವೆಂದು ನಾನು ಲ್ಯಾಕರ್ ತಂದು ಆಷಾಢದ ಜಿಟಿಜಿಟಿ ಮಳೆಯ ಸಂಜೆ ಹೊಡೆದೆ. ಗಾಳಿಯ ತೇವ ಕುಳಿತು ಇಡೀ ಬಾನೆಟ್ಟು ಮಜ್ಜಿಗೆ ಚೆಲ್ಲಿದಂತೆ ಬೆಳ್ಳಗಾಯಿತು. ಉಜ್ಜಿ ಮತ್ತೆ ಹೊಡೆದದ್ದಾಯಿತು. ಮುಂದೆ ಪೆಟ್ರೋಲ್ ಹಾಕುವ ಬಾಯಿಯ ಸುತ್ತ ಚೆಲ್ಲಿದ ಕಡೆಯೆಲ್ಲ ಪದರ ಮೆತ್ತಗಾಗಿ ಮಂಕಾಯಿತು. ಲ್ಯಾಕರ್ ಒಣಗುತ್ತದೆಯೇ ಹೊರತು ಮಾಗುವುದಿಲ್ಲ. ಪಿ.ಯು. ಕ್ಲಿಯರ್ ಹಾರ್ಡನರಿನೊಡನೆ ಕೂಡಿ ಬೇರೆಯೇ ಗಟ್ಟಿ ಪದಾರ್ಥವಾಗುತ್ತದೆ, ಬಿಸಿಲನ್ನೂ ಬಹುಕಾಲ ತಡೆಯುತ್ತದೆ. ಆದ್ದರಿಂದ ದುಡ್ಡು ಹಾಕುವುದಾದರೆ ಇದಕ್ಕೇ ಹಾಕಿರಿ. ಸಣ್ಣ ಕಾರಿನ ಬಾನೆಟ್ಟು ಮತ್ತು ಛಾವಣಿಗೆ ಬೆರೆಸಿದ ಕ್ಲಿಯರ್ ಒಂದು ಲೀಟರ್ ಸಾಕು.

ಮಿಕ್ಕ ಖರ್ಚು ಇಳಿಸುವ ದಾರಿಗಳುಂಟು. ಇದ್ದ ಬಣ್ಣವನ್ನೇ ಉಳಿಸಿಕೊಳ್ಳಿರಿ. ಬಾಗಿಲ ಒಳಮೈ, ಎಂಜಿನಿನ ಸುತ್ತಲ ತಗಡು ಮುಟ್ಟಬೇಕಾಗಿಲ್ಲ, ನೋಂದಣಿ ಪತ್ರದಲ್ಲಿ ಬಣ್ಣ ತಿದ್ದಿಸುವ ಓಡಾಟವೂ ಇಲ್ಲ. ಕೆಟ್ಟ ಭಾಗಕ್ಕಷ್ಟೇ ಹೊಡೆಯಿರಿ. ಆದರೆ ಕ್ಲಿಯರನ್ನು ಅಂಚಿನಿಂದ ಅಂಚಿಗೆ ಪೂರ್ತಿ ಹೊಡೆಯಬೇಕು, ನಡುವೆ ನಿಲ್ಲಿಸಿದರೆ ಗೆರೆ ಉಳಿಯುತ್ತದೆ. ಕಂಪ್ರೆಸರು, ಗನ್ನು ಒಂದು ದಿನದ ಬಾಡಿಗೆಗೆ ಸಿಕ್ಕರೆ ಕೊಳ್ಳುವುದೇಕೆ?

ಉಜ್ಜುವ ಮೊದಲು ಸೋಪಿನ ನೀರಿನಿಂದ ತೊಳೆಯಿರಿ. ಡ್ಯಾಷ್‌ಬೋರ್ಡಿಗೆ ಹಚ್ಚುವ ಪಾಲಿಷಿನ ಸಿಲಿಕೋನು, ತಲೆಗೆ ಎಣ್ಣೆ ಹಚ್ಚಿದ ಕೈಯ ಜಿಡ್ಡು ಉಳಿದರೆ ಕ್ಲಿಯರ್ ಅಲ್ಲಲ್ಲಿ ಸರಿದು ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ. ಸುಲಿದ ಅಂಚನ್ನು 320ರ ಕಾಗದದಿಂದ ಉಜ್ಜಿ, ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿರಿ. ಉಗುರಿಗೆ ತಾಗುವ ಮೆಟ್ಟಿಲು ನಾಳೆ ಬಿಸಿಲಿನಲ್ಲಿ ಕಣ್ಣಿಗೂ ಕಾಣುತ್ತದೆ. ತಗಡು ಕಂಡ ಕಡೆ ಪ್ರೈಮರ್ ಬೇಕೇ ಬೇಕು. ಪ್ರೈಮರ್ ಒಣಗಿದ ಮೇಲೆ ಕಪ್ಪು ಬಣ್ಣವನ್ನು ಮಂಜಿನಂತೆ ತೆಳ್ಳಗೆ ಹಾರಿಸಿ, ಕಾಗದವನ್ನು ಮರದ ಅಥವಾ ರಬ್ಬರಿನ ತುಂಡಿಗೆ ಸುತ್ತಿ 600ರಿಂದ ನೀರು ಹಾಕಿ ಉಜ್ಜಿರಿ. ಕಪ್ಪು ಉಳಿದ ಜಾಗವೆಲ್ಲ ತಗ್ಗು. ಪೂರ್ತಿ ಹೋಗುವವರೆಗೆ ಬಿಡಬಾರದು. ಎರಡು ದಿನ ಇದಕ್ಕೇ ಹೋದರೂ ನಷ್ಟವಿಲ್ಲ.

ಮಲೆನಾಡಿನವರು ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು. ಬಯಲುಸೀಮೆಯಲ್ಲಿ ಮಂಜಿನ ತೇವ ಆರಿದ ಮೇಲೆ, ಗಾಳಿಯೇಳುವ ಮೊದಲು ಸಿಗುವ ಬೆಳಗಿನ ಹೊತ್ತು ಒಳ್ಳೆಯದು. ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಕೂರುತ್ತದೆ. ಕಂಪ್ರೆಸರಿನ ತೊಟ್ಟಿಯ ನೀರನ್ನು ಮೊದಲೇ ಬಸಿಯಿರಿ.

ಬಣ್ಣವನ್ನು ಎರಡು ಮೂರು ತೆಳುಪದರಗಳಾಗಿ ಹೊಡೆದು ಆರಿಸಿ. ಬಳಿಕ ಕ್ಲಿಯರ್ ಮತ್ತು ಹಾರ್ಡನರನ್ನು ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಬೆರೆಸಬೇಕು. ಬೇಗ ಒಣಗಲೆಂದು ಹಾರ್ಡನರ್ ಹೆಚ್ಚು ಸುರಿಯುವ ರೂಢಿ ತಪ್ಪು. ಗನ್ನನ್ನು ಒಂದು ಗೇಣಿಗೆ ತುಸು ಕಡಿಮೆ ದೂರದಲ್ಲಿ ನೇರ ಹಿಡಿದು, ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧವನ್ನು ಮುಚ್ಚುವಂತೆ ನಡೆಸಿರಿ. ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ಹತ್ತು ಹದಿನೈದು ನಿಮಿಷ ಬಿಡಬೇಕು. ದೂರವಾದರೆ ಮೈ ಕಿತ್ತಳೆ ಸಿಪ್ಪೆಯಂತಾಗುತ್ತದೆ, ಹತ್ತಿರವಾದರೆ ಇಳಿಯುತ್ತದೆ. ಕೈ ಪಳಗಲು ಮೊದಲು ಹಳೆಯ ತಗಡಿನ ಮೇಲೆ ಹೊಡೆದು ನೋಡಿರಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಹಾರ್ಡನರಿನಲ್ಲಿ ಐಸೋಸಯನೇಟ್ ಎಂಬ ವಸ್ತುವಿದೆ. 1984ರಲ್ಲಿ ಭೋಪಾಲದಲ್ಲಿ ಸೋರಿದ ವಿಷವೂ ಇದೇ ಕುಲದ್ದು. ಇದು ಅದೇ ಅನಿಲವಲ್ಲ, ನಿಜ. ಆದರೂ ಇದರ ತುಂತುರು ಉಸಿರಿನಲ್ಲಿ ಹೋದರೆ ಉಬ್ಬಸ ಹತ್ತಿಕೊಳ್ಳಬಹುದು. ಒಮ್ಮೆ ಹತ್ತಿದವನಿಗೆ ಆಮೇಲೆ ಅತಿ ಸ್ವಲ್ಪ ಸೋಕಿದರೂ ಉಸಿರು ಕಟ್ಟುತ್ತದೆ. ಆತ ಆ ಕಸುಬನ್ನೇ ಬಿಡಬೇಕಾಗುತ್ತದೆ. ವಾಸನೆ ಬರಲಿಲ್ಲವೆಂದು ಧೈರ್ಯ ಪಡುವಂತಿಲ್ಲ. ಮೂಗಿಗೆ ಕಟ್ಟಿದ ಟವೆಲ್ಲು ಇದನ್ನು ತಡೆಯದು. ಹೊರಗಿನಿಂದ ಕೊಳವೆಯಲ್ಲಿ ಶುದ್ಧ ಗಾಳಿ ತರುವ ಮುಖವಾಡ ಎಲ್ಲಕ್ಕಿಂತ ಮೇಲು. ಅದು ಸಿಗದಿದ್ದರೆ ಕ್ಲಿಯರ್ ಹೊಡೆಯುವ ಕೆಲಸವನ್ನಷ್ಟೇ ಸರಿಯಾದ ಬೂತ್ ಇರುವ ಪೇಂಟರಿಗೆ ಕೊಡಿರಿ. ಉಜ್ಜಿ ಸಿದ್ಧ ಮಾಡಿದ ಕಾರನ್ನು ಒಯ್ದರೆ ಕೂಲಿಯ ದೊಡ್ಡ ಭಾಗ ಆಗಲೇ ಉಳಿದಿರುತ್ತದೆ. ಮನೆಯಲ್ಲೇ ಹೊಡೆಯುವವರು ಕಣ್ಣು, ಕೈ, ಮೈ ಮುಚ್ಚಿಕೊಂಡು, ಮಕ್ಕಳನ್ನೂ ದನಗಳನ್ನೂ ದೂರವಿಟ್ಟು ಬಯಲಿನಲ್ಲಿ ಹೊಡೆಯತಕ್ಕದ್ದು. ಸುತ್ತಮುತ್ತ ಬೀಡಿ, ಒಲೆ ಇರಕೂಡದು. ಥಿನ್ನರಿನ ಆವಿ ಬೆಂಕಿಯನ್ನು ದೂರದಿಂದಲೇ ಹಿಡಿಯುತ್ತದೆ.

ಎರಡು ದಿನ ಆರಿದ ಮೇಲೆ ಕುಳಿತ ಧೂಳಿನ ಕಣಗಳನ್ನು 2000ದ ಕಾಗದದಿಂದ ನೀರು ಹಾಕಿ ಹಗುರವಾಗಿ ಉಜ್ಜಿ, ರಬ್ಬಿಂಗ್ ಕಾಂಪೌಂಡಿನಿಂದ ತಿಕ್ಕಿರಿ. ಅಂಚುಗಳಲ್ಲಿ ಪದರ ತೆಳುವಾಗಿರುವುದರಿಂದ ಅಲ್ಲಿಗೆ ಟೇಪು ಅಂಟಿಸಿಕೊಳ್ಳುವುದು ಲೇಸು. ಮೊದಲ ಒಂದು ತಿಂಗಳು ಮೇಣ ಹಚ್ಚಬೇಡಿರಿ. ಹಕ್ಕಿಯ ಹಿಕ್ಕೆ ಬಿದ್ದರೆ ಅಂದೇ ನೀರಿನಿಂದ ನೆನೆಸಿ ತೆಗೆಯಿರಿ. ಒಣಗಿದ ಮೇಲೆ ಕೆರೆದರೆ ಅದರ ಗುರುತು ಉಳಿದುಬಿಡುತ್ತದೆ.